ಸ್ಕ್ಯಾನ್ ಬೇಡ ಎನ್ನಲು ಕಲಿತ ಕಥೆ

ಕಳೆದ ದೀಪಾವಳಿಯ ಹೊತ್ತಿಗೆ ಸಾಗರದಿಂದ ನನ್ನ ಚಿಕ್ಕಪ್ಪನ ಫೋನ್ ಬಂತು. ವಯಸ್ಸು 71. ಹಬ್ಬದ ಮಾತೆಲ್ಲ ಮುಗಿದ ಮೇಲೆ, ಏನೋ ಮರೆತದ್ದು ನೆನಪಾದವರಂತೆ, "ನಂಗೂ ಕ್ಯಾನ್ಸರ್ ಅಂತೆ ಕಣೋ" ಅಂದರು. ಪ್ರಾಸ್ಟೇಟ್ ಗ್ರಂಥಿಯದ್ದು. ಪಿಎಸ್‌ಎ 6.8, ಬಯಾಪ್ಸಿಯಲ್ಲಿ ಗ್ಲೀಸನ್ ಮೂರು ಕೂಡಿಸು ಮೂರು, ಒಟ್ಟು ಆರು. ಬೆಂಗಳೂರಿನಲ್ಲಿರುವ ಅವರ ಮಗನೂ, ಅಂದರೆ ನನ್ನ ತಮ್ಮನೂ, ಅದೇ ಕರೆಯಲ್ಲಿ ಸೇರಿಕೊಂಡ.

"ಅಣ್ಣಾ, ಅಲ್ಲಿ ಇಂಗ್ಲೆಂಡಲ್ಲಿ ಇದಕ್ಕೆಲ್ಲ ಪೆಟ್ ಸ್ಕ್ಯಾನ್ ಮಾಡೇ ಮಾಡ್ತಾರೆ ಅಲ್ವಾ? ಇಲ್ಲಿ ಡಾಕ್ಟ್ರು ಏನೂ ಬೇಡ, ಆರು ತಿಂಗಳು ಬಿಟ್ಟು ಬನ್ನಿ ಅಂತಾರೆ. ದುಡ್ಡಿನ ಪ್ರಶ್ನೆ ಅಲ್ಲ ಅಂತ ಹೇಳಿದ್ರೂ ಕೇಳ್ತಿಲ್ಲ."

ನಾನು ವೈದ್ಯನಲ್ಲ. ಹಳೆಯ ವೈದ್ಯಕೀಯ ಸಂಗತಿಗಳನ್ನು ಓದುವ ಚಟ ಮಾತ್ರ ಇದೆ. ಆದ್ದರಿಂದ ಇವತ್ತಿನ ಮಾತನ್ನು ಯಾರೂ ಚಿಕಿತ್ಸೆಯ ಸಲಹೆಯೆಂದು ತೆಗೆದುಕೊಳ್ಳಬೇಡಿ. ನಿಮ್ಮ ನಿಮ್ಮ ಡಾಕ್ಟರನ್ನೇ ಕೇಳಿ. ಆದರೆ ತಮ್ಮನ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ನನಗೆ ಸಿಕ್ಕಿದ್ದು ಸುಮಾರು ಐವತ್ತು ವರ್ಷಗಳ ಒಂದು ಇತಿಹಾಸ. ಒಳ್ಳೆಯ ಯಂತ್ರವೊಂದು ಸರಿಯಾದ ರೋಗಿಗಳಿಗಾಗಿ ಬಂತು. ಆಮೇಲೆ ರೋಗಿಗಳೇ ಬದಲಾದರು, ಯಂತ್ರದ ರೂಢಿ ಮಾತ್ರ ಹಾಗೆಯೇ ಉಳಿಯಿತು. ಅದನ್ನು ಬಿಡಿಸಲು ಒಂದು ಇಡೀ ದೇಶ ಕೈಹಾಕಬೇಕಾಯಿತು.

ಮೊದಲು ಹಳೆಯ ಕಾಲಕ್ಕೆ ಹೋಗೋಣ. 20ನೇ ಶತಮಾನದ ಬಹುಭಾಗ ಪ್ರಾಸ್ಟೇಟ್ ಕ್ಯಾನ್ಸರ್ ಎಂದರೆ ತಡವಾಗಿ ಪತ್ತೆಯಾಗುವ ಕಾಯಿಲೆ. ಮೂತ್ರ ಕಟ್ಟಿತು ಎಂದೋ, ಸೊಂಟದ ನೋವು ತಡೆಯಲಾಗುತ್ತಿಲ್ಲ ಎಂದೋ ರೋಗಿ ಬರುತ್ತಿದ್ದ. ಅಷ್ಟರಲ್ಲಿ ಅದು ಬೆನ್ನುಮೂಳೆಗೋ ಸೊಂಟದ ಮೂಳೆಗೋ ಹೋಗಿರುತ್ತಿತ್ತು. ಈ ಕ್ಯಾನ್ಸರ್‌ಗೆ ಮೂಳೆ ಎಂದರೆ ಬಹಳ ಇಷ್ಟ. 1941ರಲ್ಲಿ ಷಿಕಾಗೋದ ಚಾರ್ಲ್ಸ್ ಹಗಿನ್ಸ್ ಗಂಡು ಹಾರ್ಮೋನನ್ನು ತಗ್ಗಿಸಿದರೆ ಹರಡಿದ ಕ್ಯಾನ್ಸರ್ ಕೂಡ ಕುಗ್ಗುತ್ತದೆ ಎಂದು ತೋರಿಸಿದರು. 1966ರಲ್ಲಿ ಅವರಿಗೆ ನೊಬೆಲ್ ಬಂತು. ಅಂದಮೇಲೆ ವೈದ್ಯರ ಮುಂದಿದ್ದ ಮೊದಲ ಪ್ರಶ್ನೆ ಸಹಜವಾಗಿಯೇ ಇದು: ಮೂಳೆಗೆ ಹೋಗಿದೆಯೋ ಇಲ್ಲವೋ? ಸಾಮಾನ್ಯ ಎಕ್ಸ್-ರೇ ಆ ಸುದ್ದಿಯನ್ನು ಬಹಳ ತಡವಾಗಿ ಹೇಳುತ್ತಿತ್ತು.

1971ರಲ್ಲಿ ಅಮೆರಿಕದ ಸಿರಾಕ್ಯೂಸ್‌ನಲ್ಲಿ ಗೋಪಾಲ್ ಸುಬ್ರಮಣಿಯನ್ ಮತ್ತು ಜಾನ್ ಮೆಕಾಫಿ ಎಂಬಿಬ್ಬರು ಟೆಕ್ನೀಷಿಯಂ-99ಎಂ ಎಂಬ ವಿಕಿರಣಶೀಲ ಧಾತುವನ್ನು ಫಾಸ್ಫೇಟ್ ಜಾತಿಯ ವಸ್ತುವಿಗೆ ಕಟ್ಟಿ ಮೂಳೆಗೆ ಕಳಿಸುವ ದಾರಿ ಪ್ರಕಟಿಸಿದರು. ಉಪಾಯ ಸರಳ. ಮೂಳೆ ಎಲ್ಲೆಲ್ಲಿ ತನ್ನನ್ನು ತಾನು ಹೊಸದಾಗಿ ಕಟ್ಟಿಕೊಳ್ಳುತ್ತಿದೆಯೋ ಅಲ್ಲೆಲ್ಲ ಫಾಸ್ಫೇಟನ್ನು ಹೀರಿಕೊಳ್ಳುತ್ತದೆ. ಜೊತೆಗೆ ಬಂದ ಟೆಕ್ನೀಷಿಯಂ ಅಲ್ಲಿಂದ ಗಾಮಾ ಕಿರಣ ಸೂಸುತ್ತದೆ. ಚುಚ್ಚುಮದ್ದು ಕೊಟ್ಟು ಎರಡು ಮೂರು ಗಂಟೆ ಕೂರಿಸಿ, ಆಮೇಲೆ ಕ್ಯಾಮೆರಾದ ಕೆಳಗೆ ಮಲಗಿಸಿದರೆ ಇಡೀ ಅಸ್ಥಿಪಂಜರದ ಚಿತ್ರ ಬರುತ್ತದೆ. ಕ್ಯಾನ್ಸರ್ ಕೂತ ಜಾಗ ಕಪ್ಪು ಚುಕ್ಕೆಯಾಗಿ ಎದ್ದು ಕಾಣುತ್ತದೆ. ಟೆಕ್ನೀಷಿಯಂನ ಅರ್ಧಾಯುಷ್ಯ ಆರೇ ಗಂಟೆ, ಮರುದಿನಕ್ಕೆ ಬಹುಪಾಲು ಹೋಗಿಯೇ ಬಿಟ್ಟಿರುತ್ತದೆ. ಇದೇ ಬೋನ್ ಸ್ಕ್ಯಾನ್. ಆಗಿನ ರೋಗಿಗಳಿಗೆ ಇದು ನಿಜಕ್ಕೂ ವರವಾಗಿತ್ತು. ಪ್ರಾಸ್ಟೇಟ್ ಕ್ಯಾನ್ಸರ್ ಎಂದರೆ ಮೊದಲು ಬೋನ್ ಸ್ಕ್ಯಾನ್ ಎನ್ನುವುದು ಆಸ್ಪತ್ರೆಗಳಲ್ಲಿ ರೂಢಿಯಾಯಿತು. ಸಿ.ಟಿ. ಬಂದ ಮೇಲೆ ಅದೂ ಪಕ್ಕದಲ್ಲಿ ಸೇರಿಕೊಂಡಿತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಬೋನ್ ಸ್ಕ್ಯಾನಿಗೆ ಕ್ಯಾನ್ಸರ್ ಕಾಣುವುದಿಲ್ಲ. ಅದಕ್ಕೆ ಕಾಣುವುದು ಮೂಳೆಯ ದುರಸ್ತಿ ಕೆಲಸ. ಸಂಧಿವಾತದ ಮಂಡಿ, ಸವೆದ ಬೆನ್ನುಮೂಳೆ, ಯಾವಾಗಲೋ ಅಡಿಕೆ ತೋಟದ ಸಂಕದ ಮೇಲೆ ಜಾರಿ ಬಿದ್ದು ಬಿರುಕು ಬಿಟ್ಟ ಪಕ್ಕೆಲುಬು, ಇವೂ ಕಪ್ಪಾಗಿಯೇ ಕಾಣುತ್ತವೆ. ಎಪ್ಪತ್ತು ದಾಟಿದವರ ಮೈಯಲ್ಲಿ ಇಂಥ ಒಂದೆರಡು ಜಾಗ ಇಲ್ಲದವರು ಯಾರು?

ಈಗ ರೋಗಿಗಳು ಬದಲಾದ ಕಥೆ. ಪ್ರಾಸ್ಟೇಟ್ ಗ್ರಂಥಿಯಿಂದ ರಕ್ತಕ್ಕೆ ಸೋರುವ ಪಿಎಸ್‌ಎ ಎಂಬ ಪ್ರೋಟೀನನ್ನು 1979ರಲ್ಲಿ ನ್ಯೂಯಾರ್ಕ್ ರಾಜ್ಯದ ಬಫೆಲೋದಲ್ಲಿ ಶುದ್ಧರೂಪದಲ್ಲಿ ಬೇರ್ಪಡಿಸಿದರು. 1986ರಲ್ಲಿ ಅಮೆರಿಕದ ಎಫ್‌ಡಿಎ ಈ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು, ಅದೂ ಆಗಲೇ ರೋಗ ಇರುವವರ ಮೇಲೆ ಕಣ್ಣಿಡುವುದಕ್ಕೆ. ಆದರೆ 1990ರ ದಶಕದ ಆರಂಭಕ್ಕೇ ಆರೋಗ್ಯವಾಗಿರುವ ಗಂಡಸರಿಗೂ ಅದನ್ನು ಮಾಡತೊಡಗಿದರು. 1994ರಲ್ಲಿ ಪತ್ತೆಗೂ ಬಳಸಬಹುದೆಂದು ಒಪ್ಪಿಗೆ ಬಂತು. ಪಿಎಸ್‌ಎ ನಾಲ್ಕು ದಾಟಿತೇ, ಬಯಾಪ್ಸಿ. 1989ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಗ್ರಂಥಿಯ ಆರು ಕಡೆ ಕ್ರಮವಾಗಿ ಸೂಜಿ ಹಾಕುವ ವಿಧಾನ ತೋರಿಸಿದ್ದರು. ಆರು ಮುಂದೆ ಹತ್ತಾಯಿತು, ಹನ್ನೆರಡಾಯಿತು. ಹೆಚ್ಚು ಕಡೆ ಹುಡುಕಿದಷ್ಟೂ ಹೆಚ್ಚು ಸಿಕ್ಕಿತು.

ಸಿಕ್ಕಿದ್ದರಲ್ಲಿ ಬಹಳಷ್ಟು ಚಿಕ್ಕಪ್ಪನಿಗೆ ಬಂದಂಥದ್ದೇ: ಪುಟ್ಟದು, ನಿಧಾನದ್ದು. ಇದು ಅಚ್ಚರಿಯ ವಿಷಯವೇನೂ ಆಗಬೇಕಿರಲಿಲ್ಲ. 1935ರಲ್ಲೇ ಜಾನ್ಸ್ ಹಾಪ್‌ಕಿನ್ಸ್‌ನ ಅರ್ನಾಲ್ಡ್ ರಿಚ್, ಬೇರೆ ಬೇರೆ ಕಾರಣಕ್ಕೆ ಸತ್ತ 50 ದಾಟಿದ ಗಂಡಸರ ಮರಣೋತ್ತರ ಪರೀಕ್ಷೆಗಳಲ್ಲಿ ನೂರಕ್ಕೆ ಸುಮಾರು 14 ಮಂದಿಯ ಪ್ರಾಸ್ಟೇಟಿನಲ್ಲಿ ಯಾರಿಗೂ ತಿಳಿಯದಿದ್ದ ಕ್ಯಾನ್ಸರ್ ಇತ್ತೆಂದು ಬರೆದಿದ್ದರು. ಅಂದರೆ ಅದರ ಜೊತೆಗೇ ಬಾಳಿ, ಬೇರೆ ಯಾವುದರಿಂದಲೋ ತೀರಿಕೊಂಡವರು. ಪಿಎಸ್‌ಎ ಬಂದ ಮೇಲೆ ಇಂಥವರೇ ಬದುಕಿರುವಾಗಲೇ ರೋಗಿಗಳಾದರು.

ಗ್ಲೀಸನ್ ಅಂಕದ ಬಗ್ಗೆಯೂ ಒಂದು ಮಾತು. ಮಿನಿಯಾಪೊಲಿಸ್‌ನ ಡೊನಾಲ್ಡ್ ಗ್ಲೀಸನ್ 1960ರ ದಶಕದಲ್ಲಿ ಸೂಕ್ಷ್ಮದರ್ಶಕದಡಿ ಕಾಣುವ ಜೀವಕೋಶಗಳ ವಿನ್ಯಾಸ ನೋಡಿ ಒಂದರಿಂದ ಐದರವರೆಗೆ ದರ್ಜೆ ಕೊಡುವ ಪದ್ಧತಿ ಮಾಡಿದರು. ಹೆಚ್ಚಾಗಿ ಕಾಣುವ ಎರಡು ವಿನ್ಯಾಸಗಳ ದರ್ಜೆ ಕೂಡಿಸಿದರೆ ಒಟ್ಟು ಅಂಕ. ಕಾಗದದ ಮೇಲೆ ಅದು ಎರಡರಿಂದ ಹತ್ತು. ಆದರೆ ಈಗ ಬಯಾಪ್ಸಿಯಲ್ಲಿ ಆರಕ್ಕಿಂತ ಕಡಿಮೆ ಅಂಕವನ್ನು ಹೆಚ್ಚುಕಡಿಮೆ ಯಾರೂ ಕೊಡುವುದಿಲ್ಲ. ಆರೇ ತೀರಾ ಕೆಳಗಿನ ಮೆಟ್ಟಿಲು. ಚಿಕ್ಕಪ್ಪ ನಿವೃತ್ತ ಹೈಸ್ಕೂಲು ಮೇಷ್ಟ್ರು. ಹತ್ತಕ್ಕೆ ಆರು ಎಂದರೆ ಅವರ ಲೆಕ್ಕದಲ್ಲಿ ಫಸ್ಟ್ ಕ್ಲಾಸ್. ಕ್ಯಾನ್ಸರ್ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದೆ ಎಂದು ಒಂದು ವಾರ ನಿದ್ದೆ ಮಾಡಿರಲಿಲ್ಲವಂತೆ. ಈ ಗೊಂದಲ ಅವರೊಬ್ಬರದೇ ಅಲ್ಲ. 2014ರಲ್ಲಿ ರೋಗಶಾಸ್ತ್ರಜ್ಞರು ಸೇರಿ ಇದನ್ನೇ ಒಂದರಿಂದ ಐದರ ಗುಂಪುಗಳಾಗಿ ಬದಲಿಸಿ, ಗ್ಲೀಸನ್ ಆರನ್ನು ಮೊದಲನೇ ಗುಂಪು ಎಂದು ಕರೆದರು. 2022ರಲ್ಲಿ ಷಿಕಾಗೋದ ಸ್ಕಾಟ್ ಎಗ್ಗನರ್ ಮತ್ತು ಸಂಗಡಿಗರು ಇನ್ನೂ ಮುಂದೆ ಹೋಗಿ, ಇದನ್ನು ಕ್ಯಾನ್ಸರ್ ಎಂದು ಕರೆಯುವುದನ್ನೇ ನಿಲ್ಲಿಸೋಣ ಎಂದು ವಾದಿಸಿದರು. ಆ ವಾದ ಇನ್ನೂ ಇತ್ಯರ್ಥವಾಗಿಲ್ಲ. ನನಗೇನೋ ಅದರಲ್ಲಿ ಹುರುಳಿದೆ ಅನ್ನಿಸುತ್ತದೆ.

ಹೀಗೆ ಬಂದ ಹೊಸ ರೋಗಿಗಳಿಗೂ ಆಸ್ಪತ್ರೆಗಳು ಹಳೆಯ ರೂಢಿಯಂತೆಯೇ ಬೋನ್ ಸ್ಕ್ಯಾನ್ ಮಾಡುತ್ತ ಹೋದವು. ಅದರಿಂದ ಸಿಗುವುದೇನು ಎಂದು ಲೆಕ್ಕ ಹಾಕಿದವರಲ್ಲಿ ಮೇಯೊ ಕ್ಲಿನಿಕ್‌ನ ವೈದ್ಯರು ಮುಖ್ಯರು. 1991ರಲ್ಲಿ ಅವರು 521 ರೋಗಿಗಳ ದಾಖಲೆ ತೆಗೆದು ಪಿಎಸ್‌ಎಯನ್ನೂ ಬೋನ್ ಸ್ಕ್ಯಾನನ್ನೂ ಎದುರುಬದುರಾಗಿ ಇಟ್ಟು ನೋಡಿದರು. ಪಿಎಸ್‌ಎ 20 ಅಥವಾ ಅದಕ್ಕಿಂತ ಕಡಿಮೆ ಇದ್ದವರು 306 ಮಂದಿ. ಅವರಲ್ಲಿ ಬೋನ್ ಸ್ಕ್ಯಾನಿನಲ್ಲಿ ಕ್ಯಾನ್ಸರ್ ಕಂಡದ್ದು ಒಬ್ಬರಿಗೆ. ಒಬ್ಬರೇ. 1998ರಲ್ಲಿ ಆಂಥೊನಿ ಡಿ'ಅಮಿಕೊ ಮತ್ತು ಸಂಗಡಿಗರು ಅಪಾಯದ ಮೂರು ಗುಂಪು ಮಾಡಿದರು. ಪಿಎಸ್‌ಎ 10ರೊಳಗೆ, ಗ್ಲೀಸನ್ 6 ಅಥವಾ ಅದಕ್ಕಿಂತ ಕಡಿಮೆ, ಬೆರಳಿಗೆ ಗಂಟು ಸಿಗದಿರುವುದು ಅಥವಾ ಸಿಕ್ಕರೂ ಒಂದೇ ಬದಿಯಲ್ಲಿ ಸಣ್ಣದಾಗಿರುವುದು, ಇಷ್ಟಿದ್ದರೆ ಕಡಿಮೆ ಅಪಾಯ. ಇಂಥವರ ಮೂಳೆಯಲ್ಲಿ ಹುಡುಕುವುದರಿಂದ ಏನೂ ಸಿಗದು ಎನ್ನುವುದು ಆಗಲೇ ಗೊತ್ತಿತ್ತು, ಮಾರ್ಗಸೂಚಿಗಳಲ್ಲೂ ಬಂದಿತ್ತು.

ಗೊತ್ತಿದ್ದರೂ ನಿಲ್ಲಲಿಲ್ಲ. ಸ್ಕ್ಯಾನ್ ಬರೆದುಕೊಡುವುದು ಡಾಕ್ಟರಿಗೆ ಸುಲಭ, ಬೇಡ ಎಂದು ವಿವರಿಸುವುದಕ್ಕೆ ಸಮಯ ಬೇಕು. ಅಮೆರಿಕದಲ್ಲಿ ಕೋರ್ಟಿನ ಭಯ ಬೇರೆ, ಮಾಡಿದ ಪರೀಕ್ಷೆಗೆ ಹಣ ಬೇರೆ. ರೋಗಿಯ ಮನೆಯವರಿಗೆ, ನನ್ನ ತಮ್ಮನ ಹಾಗೆ, ಏನಾದರೂ ಮಾಡಿಸಿದ ಸಮಾಧಾನ ಬೇಕು. ಆದರೆ ಆ ಸಮಾಧಾನ ಸುಮ್ಮನೆ ಸಿಗುವುದಿಲ್ಲ. ಮುನ್ನೂರು ಜನರಲ್ಲಿ ಒಬ್ಬರಿಗೆ ನಿಜವಾದ ರೋಗ ಕಾಣುವ ಕಡೆ, ಇನ್ನೆಷ್ಟೋ ಜನರ ಹಳೆಯ ಪಕ್ಕೆಲುಬೂ ಸವೆದ ಬೆನ್ನೂ ಚುಕ್ಕೆಯಾಗಿ ಕಾಣುತ್ತವೆ. ವರದಿಯಲ್ಲಿ 'ಖಚಿತವಾಗಿ ಹೇಳಲಾಗದು' ಎಂದು ಬರುತ್ತದೆ. ಆಮೇಲೆ ಎಕ್ಸ್-ರೇ, ಸಿ.ಟಿ., ಒಮ್ಮೊಮ್ಮೆ ಮೂಳೆಗೇ ಸೂಜಿ. ಅಷ್ಟು ದಿನವೂ ಮನೆಯವರೆಲ್ಲ ಕ್ಯಾನ್ಸರ್ ಮೂಳೆಗೆ ಇಳಿದಿದೆ ಎಂದುಕೊಂಡೇ ಇರುತ್ತಾರೆ.

ಇಲ್ಲಿ ಕಥೆ ಸ್ವೀಡನ್ನಿಗೆ ಹೋಗುತ್ತದೆ. 1998ರಿಂದ ಆ ದೇಶದಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ರಾಷ್ಟ್ರೀಯ ದಾಖಲೆಯೊಂದು ಇಡೀ ದೇಶಕ್ಕೆ ವಿಸ್ತರಿಸಿತ್ತು. ಯಾರಿಗೆ ರೋಗ, ಎಷ್ಟು ಅಪಾಯದ್ದು, ಯಾವ ಸ್ಕ್ಯಾನ್ ಆಯಿತು, ಎಲ್ಲವೂ ಅದರಲ್ಲಿ. ಲೆಕ್ಕ ನೋಡಿದರೆ, ಕಡಿಮೆ ಅಪಾಯದ ನೂರು ಗಂಡಸರಲ್ಲಿ 45 ಮಂದಿಗೆ ಬೇಡದ ಸ್ಕ್ಯಾನ್ ಆಗುತ್ತಿತ್ತು. 2000ನೇ ಇಸವಿಯಲ್ಲಿ ಆ ದಾಖಲೆಯನ್ನು ನಡೆಸುವವರು ಒಂದು ಕೆಲಸ ಶುರುಮಾಡಿದರು. ಕಾನೂನು ತರಲಿಲ್ಲ, ದಂಡ ಹಾಕಲಿಲ್ಲ. ದೇಶದ ಮೂತ್ರರೋಗ ತಜ್ಞರ ಮುಂದೆ ಸ್ಕ್ಯಾನ್‌ಗಳು ಎಷ್ಟು ನಡೆಯುತ್ತಿವೆ ಎಂಬ ಅಂಕಿಯನ್ನೂ, ಮಾರ್ಗಸೂಚಿ ಏನು ಹೇಳುತ್ತದೆ ಎಂಬುದನ್ನೂ ಒಟ್ಟಿಗೆ ಇಟ್ಟರು. ಅಷ್ಟೇ.

ನ್ಯೂಯಾರ್ಕಿನ ಡ್ಯಾನಿಲ್ ಮಕಾರೊವ್ ಸ್ವೀಡನ್ನಿನ ಸಂಶೋಧಕರ ಜೊತೆ ಸೇರಿ 1998ರಿಂದ 2009ರವರೆಗಿನ ಸುಮಾರು ಒಂದು ಲಕ್ಷ ರೋಗಿಗಳ ದಾಖಲೆ ತೆಗೆದು 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಡಿಮೆ ಅಪಾಯದವರಲ್ಲಿ ಸ್ಕ್ಯಾನ್ ಪ್ರಮಾಣ ಶೇಕಡಾ 45ರಿಂದ 3ಕ್ಕೆ ಇಳಿದಿತ್ತು. ವೈದ್ಯರ ರೂಢಿ ಇಷ್ಟು ಸಲೀಸಾಗಿ ಬದಲಾದ ಉದಾಹರಣೆ ನಾನು ಓದಿದ್ದರಲ್ಲಿ ಹೆಚ್ಚಿಲ್ಲ.

ಆದರೆ ಅದೇ ಲೇಖನದಲ್ಲಿ ಇನ್ನೊಂದು ಸಾಲು ಇದೆ. ಈ ಕಥೆ ಹೇಳುವವರು ಸಾಮಾನ್ಯವಾಗಿ ಅದನ್ನು ಬಿಟ್ಟುಬಿಡುತ್ತಾರೆ. ಹೆಚ್ಚು ಅಪಾಯದ ರೋಗಿಗಳಲ್ಲೂ, ಅಂದರೆ ಬೋನ್ ಸ್ಕ್ಯಾನ್ ನಿಜವಾಗಿ ಬೇಕಾದವರಲ್ಲೂ, ಪ್ರಮಾಣ ಶೇಕಡಾ 63ರಿಂದ 47ಕ್ಕೆ ಇಳಿಯಿತು. ಬೇಡದವರಿಗೆ ನಿಲ್ಲಿಸಿ ಎಂದದ್ದು ಬೇಕಾದವರ ತನಕವೂ ಹರಡಿತ್ತು. ಕಳೆ ಕೀಳಲು ಹೋದ ಕೈಗೆ ಒಂದಿಷ್ಟು ಪೈರೂ ಬಂದಿತ್ತು. ಆದ್ದರಿಂದ, ನಮ್ಮ ಚಿಕ್ಕಪ್ಪನಿಗೆ ಬೇಡ ಎಂದಾಕ್ಷಣ ನೆರೆಮನೆಯವರಿಗೂ ಬೇಡ ಎಂದು ಯಾರೂ ಅಂದುಕೊಳ್ಳಬಾರದು. ಅವರ ಗ್ಲೀಸನ್ ಎಂಟು ಇದ್ದರೆ, ಪಿಎಸ್‌ಎ ನಲವತ್ತಿದ್ದರೆ, ಲೆಕ್ಕವೇ ಬೇರೆ.

ಅಮೆರಿಕದಲ್ಲಿ 2012ರಲ್ಲಿ 'ಚೂಸಿಂಗ್ ವೈಸ್‌ಲಿ' ಎಂಬ ಅಭಿಯಾನ ಆರಂಭವಾದಾಗ, ಅಲ್ಲಿನ ಕ್ಯಾನ್ಸರ್ ತಜ್ಞರ ಸಂಘ ಮಾಡಬಾರದ ಐದು ಕೆಲಸಗಳ ಪಟ್ಟಿ ಕೊಟ್ಟಿತು. ಹರಡುವ ಅಪಾಯ ಕಡಿಮೆ ಇರುವ ಆರಂಭಿಕ ಪ್ರಾಸ್ಟೇಟ್ ಕ್ಯಾನ್ಸರಿಗೆ ಪೆಟ್, ಸಿ.ಟಿ., ಬೋನ್ ಸ್ಕ್ಯಾನ್ ಮಾಡಬೇಡಿ ಎನ್ನುವುದು ಅದರಲ್ಲೊಂದು. ಸ್ವೀಡನ್ ಆ ಕೆಲಸಕ್ಕೆ ಕೈಹಾಕಿ ಅಷ್ಟರಲ್ಲಿ ಹನ್ನೆರಡು ವರ್ಷವಾಗಿತ್ತು.

ಹಾಗಾದರೆ ಈ ರೋಗಿಗಳಿಗೆ ಯಾವ ಚಿತ್ರವೂ ಬೇಡವೇ? ಬೇಕು, ಆದರೆ ಬೇರೆ ಪ್ರಶ್ನೆಗೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಬೋನ್ ಸ್ಕ್ಯಾನಿನ ಕಥೆ ಹಾಗಿತ್ತು. ಗ್ರಂಥಿಯ ಒಳಗೇ ಸರಿಯಾಗಿ ನೋಡಿರಲಿಲ್ಲ. ಅಂದಾಜಿನ ಮೇಲೆ ಹನ್ನೆರಡು ಕಡೆ ಸೂಜಿ ಹಾಕಿದಾಗ ದೊಡ್ಡ ಗೆಡ್ಡೆ ತಪ್ಪಿಹೋಗಿ ಸಣ್ಣದು ಸಿಗುವುದೂ ಇತ್ತು. ಅಲ್ಲಿ ಉಪಯೋಗಕ್ಕೆ ಬಂದದ್ದು ಎಂಆರ್‌ಐ. ಪ್ರಾಸ್ಟೇಟಿನ ಎಂಆರ್‌ಐ 1980ರ ದಶಕದಿಂದಲೂ ಇತ್ತು, ಆದರೆ ಚಿತ್ರ ಮಸುಕು. ನೀರಿನ ಅಣುಗಳು ಅಂಗಾಂಶದಲ್ಲಿ ಎಷ್ಟು ಸಲೀಸಾಗಿ ಓಡಾಡುತ್ತವೆ, ರಕ್ತ ಎಷ್ಟು ಬೇಗ ಬಂದು ಹೋಗುತ್ತದೆ ಎಂಬುದನ್ನೆಲ್ಲ ಒಟ್ಟಿಗೆ ಅಳೆಯುವ ವಿಧಾನ ಬಂದ ಮೇಲೆ ಅದಕ್ಕೆ ಬೆಲೆ ಬಂತು. ಜೀವಕೋಶಗಳು ಒತ್ತೊತ್ತಾಗಿ ಬೆಳೆದ ಕಡೆ ನೀರಿಗೆ ಓಡಾಡಲು ಜಾಗವಿರುವುದಿಲ್ಲ, ಅದೇ ಸುಳಿವು.

ಇದನ್ನು ಪರೀಕ್ಷೆಗೆ ಒಡ್ಡಿದ್ದು ಇಲ್ಲಿ, ಬ್ರಿಟನ್ನಿನಲ್ಲಿ. 2017ರಲ್ಲಿ ಪ್ರಕಟವಾದ ಪ್ರಾಮಿಸ್ ಅಧ್ಯಯನದಲ್ಲಿ 576 ಗಂಡಸರಿಗೆ ಮೊದಲು ಎಂಆರ್‌ಐ, ಆಮೇಲೆ ಹಳೆಯ ರೀತಿಯ ಬಯಾಪ್ಸಿ, ಜೊತೆಗೆ ಗ್ರಂಥಿಯನ್ನು ಐದೈದು ಮಿಲಿಮೀಟರಿಗೆ ಒಂದರಂತೆ ಜಾಲಾಡುವ ಬಯಾಪ್ಸಿಯನ್ನೂ ಮಾಡಿದರು. ಅದಕ್ಕೆ ಒಪ್ಪಿಕೊಂಡ ಆ ಗಂಡಸರಿಗೆ ಒಂದು ನಮಸ್ಕಾರ ಹೇಳಲೇಬೇಕು. ಅಪಾಯಕಾರಿ ಕ್ಯಾನ್ಸರುಗಳಲ್ಲಿ ಹಳೆಯ ಬಯಾಪ್ಸಿ ಹಿಡಿದದ್ದು ನೂರಕ್ಕೆ 48, ಎಂಆರ್‌ಐ ಹಿಡಿದದ್ದು 93. ಮೊದಲು ಎಂಆರ್‌ಐ ಮಾಡಿದರೆ ನೂರಕ್ಕೆ 27 ಮಂದಿಗೆ ಸೂಜಿಯೇ ಬೇಕಾಗುವುದಿಲ್ಲ ಎಂದೂ ತೋರಿತು. ಮರುವರ್ಷ ಹಲವು ದೇಶಗಳ 500 ಗಂಡಸರ ಪ್ರಿಸಿಷನ್ ಅಧ್ಯಯನ ಬಂತು. ಎಂಆರ್‌ಐ ನೋಡಿ ಗುರಿಯಿಟ್ಟು ಸೂಜಿ ಹಾಕಿದ ಗುಂಪಿನಲ್ಲಿ ಅಪಾಯಕಾರಿ ಕ್ಯಾನ್ಸರ್ ಹೆಚ್ಚು ಜನರಲ್ಲಿ ಸಿಕ್ಕಿತು, ಶೇಕಡಾ 26ರ ಬದಲು 38. ನಿರುಪದ್ರವಿ ಪುಟ್ಟ ಕ್ಯಾನ್ಸರ್ ಕಡಿಮೆ ಸಿಕ್ಕಿತು, 22ರ ಬದಲು 9. ಹೊಸ ಸ್ಕ್ಯಾನ್ ಬಂದಾಗ ರೋಗಿಗಳ ಸಂಖ್ಯೆ ಏರುವುದೇ ವಾಡಿಕೆ. ಇಲ್ಲಿ ಒಂದು ಸ್ಕ್ಯಾನ್ ಬೇಡದ ರೋಗಿಗಳನ್ನು ಕಡಿಮೆ ಮಾಡಿತು. 2019ರಲ್ಲಿ ಇಂಗ್ಲೆಂಡಿನ ನೈಸ್ ಸಂಸ್ಥೆ ಬಯಾಪ್ಸಿಗೆ ಮುಂಚೆ ಎಂಆರ್‌ಐ ಎಂದು ಮಾರ್ಗಸೂಚಿ ಬದಲಿಸಿತು. ಎಂಆರ್‌ಐ ಕೂಡ ಓದುವವರ ಕಣ್ಣಿನ ಮೇಲೆ ನಿಂತದ್ದು, ಅನುಭವ ಇಲ್ಲದವರ ಕೈಯಲ್ಲಿ ಅದೇ ಯಂತ್ರ ಅಷ್ಟು ಹೇಳುವುದಿಲ್ಲ.

ಚಿಕ್ಕಪ್ಪನಿಗೆ ಸಾಗರದ ಡಾಕ್ಟರು ಶಿವಮೊಗ್ಗಕ್ಕೆ ಕಳಿಸಿ ಬಯಾಪ್ಸಿಗೆ ಮುಂಚೆ ಎಂಆರ್‌ಐ ಮಾಡಿಸಿದ್ದರು. "ಹಾಗಿದ್ದರೆ ಸ್ಕ್ಯಾನ್ ಆಗಿದೆಯಲ್ಲ" ಎಂದೆ ತಮ್ಮನಿಗೆ. "ಅದು ಬರೀ ಅಷ್ಟಕ್ಕೆ ಮಾಡಿದ್ದು, ಪೂರ್ತಿ ಮೈದಲ್ಲ" ಅಂದ.

ಅವನು ಕೇಳುತ್ತಿದ್ದ ಪೆಟ್ ಸ್ಕ್ಯಾನಿನ ಬಗ್ಗೆಯೂ ಹೇಳಬೇಕು. ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳ ಮೈಮೇಲೆ ಪಿಎಸ್‌ಎಂಎ ಎಂಬ ಪ್ರೋಟೀನ್ ದಟ್ಟವಾಗಿರುತ್ತದೆ. ಅದಕ್ಕೆ ಹೋಗಿ ಅಂಟುವ ಗ್ಯಾಲಿಯಂ-68 ಔಷಧವನ್ನು ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ರೂಪಿಸಿದರು. 2020ರಲ್ಲಿ ಆಸ್ಟ್ರೇಲಿಯಾದ ಪ್ರೋಪಿಎಸ್‌ಎಂಎ ಅಧ್ಯಯನ ಇದನ್ನು ಸಿ.ಟಿ. ಮತ್ತು ಬೋನ್ ಸ್ಕ್ಯಾನ್ ಜೋಡಿಯ ಜೊತೆ ಹೋಲಿಸಿತು. ನಿಖರತೆ ಹೊಸದರದ್ದು ಶೇಕಡಾ 92, ಹಳೆಯ ಜೋಡಿಯದ್ದು 65. ಅದ್ಭುತವೇ. ಆದರೆ ಆ 302 ಗಂಡಸರೂ ಹೆಚ್ಚು ಅಪಾಯದವರು. ಅದೇ ವರ್ಷ ಡಿಸೆಂಬರಿನಲ್ಲಿ ಎಫ್‌ಡಿಎ ಕೊಟ್ಟ ಒಪ್ಪಿಗೆಯೂ ರೋಗ ಹರಡಿರುವ ಶಂಕೆ ಇದ್ದವರಿಗೆ ಮತ್ತು ಚಿಕಿತ್ಸೆಯಾದ ಮೇಲೆ ಪಿಎಸ್‌ಎ ಮತ್ತೆ ಏರಿದವರಿಗೆ. ಈ ಸ್ಕ್ಯಾನಿನಲ್ಲೂ ಪಕ್ಕೆಲುಬಿನಲ್ಲಿ ಏನೂ ಇಲ್ಲದಿದ್ದರೂ ಚುಕ್ಕೆ ಮಿನುಗುವುದುಂಟು. 1971ರ ಯಂತ್ರ 1990ರ ರೋಗಿಯ ಮನೆಗೆ ಹೋದ ಹಾಗೆ, ಈ ಹೊಸ ಯಂತ್ರವೂ ತನ್ನದಲ್ಲದ ಮನೆಯ ಬಾಗಿಲು ತಟ್ಟತೊಡಗಿದೆ ಎಂದು ನನ್ನ ಅನುಮಾನ. ನಮ್ಮ ಮನೆಗಂತೂ ಬಂದಿತ್ತು.

ತಮ್ಮನ ನಿಜವಾದ ಭಯ ಸ್ಕ್ಯಾನಿನದ್ದಲ್ಲ, ಸುಮ್ಮನೆ ಕೂರುವುದರದ್ದು. ಅದಕ್ಕೆ ಅವನಿಗೆ ಎರಡು ಲೆಕ್ಕ ಓದಿ ಹೇಳಿದೆ. ಟೊರಾಂಟೊದ ಲಾರೆನ್ಸ್ ಕ್ಲೋಟ್ಸ್ 1990ರ ದಶಕದ ಮಧ್ಯದಲ್ಲಿ, ಇಂಥ ರೋಗಿಗಳಿಗೆ ತಕ್ಷಣ ಶಸ್ತ್ರಚಿಕಿತ್ಸೆ ಮಾಡದೆ, ಪಿಎಸ್‌ಎ ಮತ್ತು ಬಯಾಪ್ಸಿಯಿಂದ ನಿಗಾ ಇಟ್ಟು, ಬದಲಾವಣೆ ಕಂಡರೆ ಮಾತ್ರ ಚಿಕಿತ್ಸೆ ಕೊಡುವ ಪದ್ಧತಿ ಆರಂಭಿಸಿದರು. ಆಗ ಅದಕ್ಕೆ ತುಂಬ ಧೈರ್ಯ ಬೇಕಿತ್ತು. 2015ರಲ್ಲಿ ಅವರು ವರದಿ ಮಾಡಿದ 993 ಮಂದಿಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನಿಂದ ತೀರಿಕೊಂಡಿದ್ದವರು 15. ಎರಡನೆಯದು ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನ. 1,643 ಗಂಡಸರನ್ನು ನಿಗಾ, ಶಸ್ತ್ರಚಿಕಿತ್ಸೆ, ವಿಕಿರಣ ಎಂದು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. 2023ರಲ್ಲಿ ಬಂದ 15 ವರ್ಷದ ಲೆಕ್ಕದಲ್ಲಿ ಈ ಕ್ಯಾನ್ಸರಿನಿಂದ ಸತ್ತವರು ಕ್ರಮವಾಗಿ ಶೇಕಡಾ 3.1, 2.2, 2.9. ಹೆಚ್ಚುಕಡಿಮೆ ಒಂದೇ. ನಿಗಾ ಗುಂಪಿನಲ್ಲಿ ರೋಗ ಹರಡಿದವರು ಮಾತ್ರ ಜಾಸ್ತಿ, ಶೇಕಡಾ 9.4. ಉಳಿದೆರಡರಲ್ಲಿ ಸುಮಾರು ಐದು. ಅದನ್ನೂ ಮುಚ್ಚಿಡದೆ ಹೇಳಿದೆ. ಆ ಗುಂಪಿನಲ್ಲಿ ಚಿಕ್ಕಪ್ಪನಿಗಿಂತ ಹೆಚ್ಚಿನ ದರ್ಜೆಯವರೂ ಇದ್ದರು ಎನ್ನುವುದನ್ನೂ ಸೇರಿಸಿದೆ.

ಯುಗಾದಿ ಕಳೆದ ಮೇಲೆ ಚಿಕ್ಕಪ್ಪನ ಪಿಎಸ್‌ಎ ಮತ್ತೆ ಮಾಡಿಸಿದರು. 6.5. ಫೋನಿನಲ್ಲಿ ಅದನ್ನು ಒಂದು ಮಾತಿನಲ್ಲಿ ಹೇಳಿ ಮುಗಿಸಿ, ಅಡಿಕೆ ಧಾರಣೆಯ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು. ತಮ್ಮನಿಗೆ ಇನ್ನೂ ಪೂರ್ತಿ ಸಮಾಧಾನವಾಗಿಲ್ಲ. ಮುಂದಿನ ಸಲ ಡಾಕ್ಟರ ಹತ್ತಿರ ತಾನೂ ಬರುತ್ತೇನೆ, ಕೇಳಬೇಕಾದದ್ದನ್ನೆಲ್ಲ ಬರೆದಿಟ್ಟುಕೊಂಡಿದ್ದೇನೆ ಅಂದಿದ್ದಾನೆ.